ಸಿಡ್ನಿಯ ಜೈಲಿನಿಂದ ಸಿವಿಲ್ ಕೇಸ್: ಮೊದಲು ‘ಲೀವ್’ ಬೇಕು

ಇಲ್ಲಿನ ಕೋರ್ಟ್ ಕಾಗದದಲ್ಲಿ ‘ಲೀವ್’ ಅಂತ ಕಂಡರೆ ರಜೆ ಅಂದುಕೊಳ್ಳಬೇಡಿ. ಅದು ಅನುಮತಿ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ದೊಡ್ಡ ಅಪರಾಧಕ್ಕೆ ಶಿಕ್ಷೆಯಾಗಿ ಜೈಲಿನಲ್ಲಿರುವವರು ಸಿವಿಲ್ ದಾವೆ ಹೂಡಬೇಕಾದರೆ, ಆ ಕೋರ್ಟಿನಿಂದಲೇ ಮೊದಲು ಲೀವ್ ಪಡೆಯಬೇಕು. ಒಳಗೆ ಜಾರಿ ಬಿದ್ದು ಕೈ ಮುರಿದದ್ದಕ್ಕೆ ಪರಿಹಾರ ಕೇಳಿದರೂ ಅಷ್ಟೇ, ಹೊರಗಿನವರು ಕೊಡಬೇಕಾದ ಸಾಲ ಕೇಳಿದರೂ ಅಷ್ಟೇ.

ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಹಿಂದೆ ಇದಕ್ಕಿಂತ ಕಷ್ಟವಿತ್ತು. ಡಾರ್ಸಿ ಡುಗನ್ ಎಂಬ ಕೈದಿ ತಪ್ಪಿಸಿಕೊಳ್ಳುವುದರಲ್ಲೇ ಹೆಸರುವಾಸಿ. 1946ರಲ್ಲಿ ಕೈದಿಗಳ ಟ್ರಾಮಿನ ಚಾವಣಿ ಕೊರೆದು ಪರಾರಿಯಾಗಿದ್ದ. ಮುಂದೆ ಅವನಿಗೆ ಮರಣದಂಡನೆಯಾಗಿ, ಅದು ಜೀವಾವಧಿಗೆ ಇಳಿಯಿತು. ಪತ್ರಿಕೆಯೊಂದರ ಮೇಲೆ ಅವನು ಮಾನನಷ್ಟ ಕೇಸ್ ಹಾಕಿದ. ಇಲ್ಲಿ ಹೈಕೋರ್ಟ್ ಅಂದರೆ ಇಡೀ ದೇಶಕ್ಕೇ ಮೇಲಿನ ಕೋರ್ಟ್. ಇಂಗ್ಲೆಂಡಿನ ಹಳೇ ಕಾನೂನು ಹಿಡಿದು ಅದು 1978ರಲ್ಲಿ ಹೇಳಿತು: ಇಂಥವನಿಗೆ ದಾವೆ ಹೂಡುವ ಹಕ್ಕೇ ಇಲ್ಲ. ತಮಾಷೆ ನೋಡಿ, ಇದೇ ಸಿಡ್ನಿಯಲ್ಲಿ 1788ರಲ್ಲಿ ನಡೆದ ಮೊಟ್ಟಮೊದಲ ಸಿವಿಲ್ ಕೇಸ್ ಗೆದ್ದವರು ಕೈದಿ ದಂಪತಿ, ಹೆನ್ರಿ ಮತ್ತು ಸುಸಾನಾ ಕೇಬಲ್! ಹಡಗಿನಲ್ಲಿ ಕಾಣೆಯಾದ ಅವರ ಗಂಟಿಗೆ ಕ್ಯಾಪ್ಟನ್ 15 ಪೌಂಡ್ ತೆರಬೇಕಾಯಿತು.

ಡುಗನ್ ಸೋತ ಮೇಲೆ ಬಂದದ್ದೇ 1981ರ ಫೆಲನ್ಸ್ ಸಿವಿಲ್ ಪ್ರೊಸೀಡಿಂಗ್ಸ್ ಆಕ್ಟ್. ಲೀವ್ ಸಿಕ್ಕರೆ ದಾವೆ ಹೂಡಬಹುದು ಎಂದದ್ದು ಇದೇ; ಮುಚ್ಚಿದ್ದ ಬಾಗಿಲನ್ನು ಅರ್ಧ ತೆರೆದ ಕಾನೂನು ಅನ್ನಬಹುದು.

ದೊಡ್ಡ ಅಪರಾಧ ಅಂದರೆ ಕೊಲೆಯೇ ಆಗಬೇಕಿಲ್ಲ. 5 ವರ್ಷ ಅಥವಾ ಜಾಸ್ತಿ ಜೈಲು ವಿಧಿಸಬಹುದಾದ ಯಾವುದೂ ಆಗುತ್ತದೆ. ನಿಮಗೆ ಆದದ್ದು ಆರೇ ತಿಂಗಳಿದ್ದರೂ ಲೀವ್ ತಪ್ಪದು. ತೀರ್ಪಿಗೆ ಕಾಯುತ್ತಾ ರಿಮ್ಯಾಂಡಿನಲ್ಲಿದ್ದರೆ ಬೇಡ. ಪರೋಲ್ ಮೇಲೆ ಹೊರಬಂದಿದ್ದರೂ ಬೇಡ. ಬೇರೆಯವರು ನಿಮ್ಮ ಮೇಲೆ ಹಾಕಿದ ಕೇಸಿಗೆ ಉತ್ತರ ಕೊಡಲಿಕ್ಕೂ ಬೇಡ.

ಕೋರ್ಟ್ ನೋಡುವುದು ಎರಡೇ. ಸುಮ್ನೆ ಕಾಡಿಸಲಿಕ್ಕೆ ಹಾಕಿದ ಕೇಸೇ? ಮೇಲ್ನೋಟಕ್ಕೆ ಏನಾದರೂ ಹುರುಳಿದೆಯೇ? ಹಾಗಾಗಿ ಅಫಿಡವಿಟ್‌ನಲ್ಲಿ ಜೈಲಿನ ಗೋಳು ಹತ್ತು ಪುಟ ಬರೆಯಬೇಡಿ. ಬಿದ್ದ ತಾರೀಖು, ಕ್ಲಿನಿಕ್ಕಿನ ಚೀಟಿ, ನೀವು ಕೊಟ್ಟ ದೂರಿನ ಪ್ರತಿ ಲಗತ್ತಿಸಿ. ದಾವೆ ಹೂಡಲು ಮಾನನಷ್ಟಕ್ಕೆ ಗಡುವು 1 ವರ್ಷ, ಮೈಗಾದ ಪೆಟ್ಟಿಗೆ ಸಾಮಾನ್ಯವಾಗಿ 3 ವರ್ಷ. ಸರ್ಕಾರಿ ಕಾನೂನು ನೆರವು ಸಂಸ್ಥೆ ಲೀಗಲ್ ಏಡ್‌ನ ಪ್ರಿಸನರ್ಸ್ ಲೀಗಲ್ ಸರ್ವಿಸ್ ಲಾಯರ್‌ಗಳು ಜೈಲಿಗೇ ಬರುತ್ತಾರೆ, ಮೊದಲು ಅವರನ್ನು ಕೇಳಿ.

ವೀಸಾ ಮೇಲಿರುವವರಿಗೆ ಇನ್ನೊಂದು ಮಾತು. 12 ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾಗಿ ಒಳಗಿದ್ದರೆ ವೀಸಾ ರದ್ದಾಗುತ್ತದೆ. ಆ ರದ್ದತಿಯನ್ನು ಹಿಂದೆ ಪಡೆಯಿರಿ ಎಂದು ಬರೆದುಕೊಳ್ಳಲು ಸಿಗುವುದು ಬರೀ 28 ದಿನ. ಅದು ದಾವೆಯಲ್ಲ, ಅದಕ್ಕೆ ಈ ಲೀವ್ ಬೇಕಿಲ್ಲ.