ಬಿಳಿ ಬಟ್ಟೆಗೆ ಬರುವವು, ಬೆಲ್ಲಕ್ಕೆ ಬರುವವು

ರಾತ್ರಿ ಹುಳ ನೋಡಲು ಹೋಗುತ್ತೇನೆ ಅಂದರೆ ಮುಂಬೈಯಲ್ಲಿ ಎಲ್ಲರೂ ಮೊದಲು ಕೇಳುವುದು ಚಿರತೆಯ ಬಗ್ಗೆ. ಕೇಳುವುದು ಸರಿಯೇ. ನಾವು ಹೋಗುವುದು ಗೋರೆಗಾಂವ್ ಪೂರ್ವಕ್ಕೆ. ಅಲ್ಲಿ ಫಿಲ್ಮ್ ಸಿಟಿಯ ಹತ್ತಿರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಶಿಕ್ಷಣ ಕೇಂದ್ರವಿದೆ. ಅದಕ್ಕೆ ತಾಗಿಕೊಂಡೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಚಿರತೆ ಇದ್ದೇ ಇದೆ. ಹಾಗಾಗಿ ಮೊದಲೇ ಅನುಮತಿ ಪಡೆದು, ಕೇಂದ್ರದವರ ಜೊತೆ, ಗುಂಪಾಗಿಯೇ ಹೋಗುತ್ತೇವೆ. ಗುಂಪಿನಲ್ಲಿ ಮಾಟುಂಗಾ, ಡೊಂಬಿವಲಿ ಕಡೆಯ ಕನ್ನಡದವರೇ ಜಾಸ್ತಿ.

ಜುಲೈ ಕೊನೆಯ ವಾರ ಒಳ್ಳೆಯ ಸಮಯ. ಜನ ಪತಂಗಗಳನ್ನು ನೋಡಿ ದಾಖಲಿಸುವ 'ಪತಂಗಗಳ ವಾರ' 2012ರಿಂದ ನಡೆಯುವುದೂ ಆಗಲೇ. ಆದರೆ ಕ್ಯಾಲೆಂಡರ್‌ನಲ್ಲಿ ನಾನು ಮೊದಲು ನೋಡುವುದು ಅಮಾವಾಸ್ಯೆ. ಬೆಳದಿಂಗಳಿದ್ದರೆ ದೀಪಕ್ಕೆ ಬರುವ ಹುಳ ಕಡಿಮೆ. ಮಳೆ ಸುರಿದು ನಿಂತು, ಗಾಳಿಯಿಲ್ಲದೆ, ಮೈಯೆಲ್ಲ ಅಂಟಂಟಾಗುವ ರಾತ್ರಿ ಇದೆಯಲ್ಲ, ಅದು ನಮಗೆ ಹಬ್ಬ.

ಸಾಮಾನು ದೊಡ್ಡದೇನಲ್ಲ. ಎರಡು ಕಂಬಕ್ಕೆ ಹಗ್ಗ ಕಟ್ಟಿ, ಬಿಳಿ ಬೆಡ್‌ಶೀಟ್ ಇಳಿಬಿಟ್ಟು, ಮುಂದೆ ಮರ್ಕ್ಯುರಿ ಬಲ್ಬು. ಬಟ್ಟೆಯ ತುದಿಯನ್ನು ನೆಲದ ಮೇಲೂ ಹಾಸಬೇಕು, ಡಿಕ್ಕಿ ಹೊಡೆದ ದುಂಬಿಗಳು ಅಲ್ಲೇ ಬೀಳುತ್ತವೆ. ಬಲ್ಬನ್ನು ನೇರವಾಗಿ ದಿಟ್ಟಿಸಬಾರದು, ಅದರಲ್ಲಿ ನೇರಳಾತೀತ ಬೆಳಕು ಇರುತ್ತದೆ.

ಮೊದಲು ಬರುವವು ಸಣ್ಣ ಪುಟ್ಟವು: ಜಿಗಿಹುಳ, ರೆಕ್ಕೆ ಗೆದ್ದಲು. ಕಿತ್ತಳೆ ಮತ್ತು ಕಪ್ಪು ಪಟ್ಟೆಯ ಇರುವೆಯಂಥ ಒಂದು ಪುಟ್ಟ ಹುಳವೂ ಬರುತ್ತದೆ. ಅದು ಕುತ್ತಿಗೆ ಮೇಲೆ ಕೂತರೆ ಹೊಡೆಯಬೇಡಿ, ಊದಿ ಹಾರಿಸಿ. ಜಜ್ಜಿದರೆ ಅದರ ಮೈಯೊಳಗಿನ ರಸ ತಗುಲಿ ಚರ್ಮ ಸುಟ್ಟಂತೆ ಬೊಬ್ಬೆ ಬರುತ್ತದೆ.

ದೊಡ್ಡವು ಬರುವುದು ತಡವಾಗಿ. ಒಮ್ಮೆ ಬಟ್ಟೆಯ ಮೂಲೆಯಲ್ಲಿ ಹಸಿರು ಪತಂಗವೊಂದು ಕೂತಿತ್ತು. ರೆಕ್ಕೆಯಲ್ಲಿ ಕಡುಹಸಿರು, ತಿಳಿಹಸಿರು, ನಸುಗೆಂಪು ಬಣ್ಣದ ಅಲೆಗಳು. ಜೊತೆಗಿದ್ದ ಹುಡುಗ, "ಅಂಕಲ್, ಎಲೆ ಅಲ್ವಾ ಇದು?" ಅಂದ. ಅಷ್ಟರಲ್ಲಿ 'ಎಲೆ' ಗಡಗಡ ನಡುಗಲು ಶುರುಮಾಡಿತು. ಪಾಪ, ಅದಕ್ಕೆ ಚಳಿಯೇನಲ್ಲ. ಹಾರುವ ಮೊದಲು ಸ್ನಾಯು ಬಿಸಿಯಾಗಬೇಕು, ಅದಕ್ಕೇ ಆ ನಡುಕ. ಒಂದೆರಡು ನಿಮಿಷ ನಡುಗಿ ಸರ್ರನೆ ಹೋಯಿತು. ಇದರ ಮರಿ ತಿನ್ನುವುದು ಕಣಗಿಲೆ ಎಲೆ. ನಿಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಪಕ್ಕದ ಗಿಡದಲ್ಲೇ ಇರಬಹುದು, ನೋಡಿ.

ಬಟ್ಟೆಯೊಂದನ್ನೇ ನಂಬಿ ಕೂರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೆಳಕಿನ ಹತ್ತಿರ ಅಷ್ಟಾಗಿ ಸುಳಿಯದ ಪತಂಗಗಳೂ ಇವೆ. ಅವುಗಳಿಗೆ ಬೆಲ್ಲ. ತೀರಾ ಹಣ್ಣಾದ ಬಾಳೆಹಣ್ಣು, ಬೆಲ್ಲ, ಸ್ವಲ್ಪ ಬಿಯರ್ ಕಲಸಿ ಹುಳಿ ಬರಲು ಬಿಡುತ್ತೇನೆ. ಡಬ್ಬಿಯ ಮುಚ್ಚಳ ಬಿಗಿ ಮಾಡಬಾರದು. ಲೋಕಲ್ ರೈಲಿನಲ್ಲಿ ಅದನ್ನು ಹಿಡಿದು ಕೂತರೆ ಪಕ್ಕದವರು ಒಂಥರಾ ನೋಡುತ್ತಾರೆ, ಇರಲಿ. ಮುಸ್ಸಂಜೆಗೆ ಮರದ ಕಾಂಡಕ್ಕೆ ಬ್ರಷ್‌ನಲ್ಲಿ ಬಳಿದು, ಆಮೇಲೆ ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದು ಸದ್ದಿಲ್ಲದೆ ಹೋಗಿ ನೋಡುತ್ತೇವೆ. ರೆಕ್ಕೆಯಲ್ಲಿ ಗೂಬೆ ಕಣ್ಣಿನಂಥ ಗುರುತಿರುವ ದೊಡ್ಡ ಪತಂಗ ಬರುವುದು ಇಲ್ಲಿಗೇ. ಒಣಗಿದೆಲೆಯಂಥ ಮುಂದಿನ ರೆಕ್ಕೆಯ ಕೆಳಗೆ ಹಳದಿ ಬಚ್ಚಿಟ್ಟುಕೊಂಡ ಹಣ್ಣು ಕೊರೆಯುವ ಪತಂಗವೂ ಬರುತ್ತದೆ. ಕಿತ್ತಳೆ ಸಿಪ್ಪೆಯನ್ನೇ ತೂತು ಮಾಡುವಷ್ಟು ಗಟ್ಟಿ ಇದರ ಸೊಂಡಿಲ ತುದಿ. ಬೆಳೆಗಾರರಿಗೆ ಇದರ ಹೆಸರು ಎತ್ತಿದರೆ ಸಿಟ್ಟು.

ದೀಪವನ್ನು ನಾನು ಬೆಳಗಿನವರೆಗೂ ಉರಿಸುವುದಿಲ್ಲ. ಹುಳಗಳು ಬೆಳಕಿನ ಆಸೆಗೆ ಬರುತ್ತವೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯೇ ಹೇಳಿತು. ಹಾರುವ ಹುಳ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ, ಏಕೆಂದರೆ ಅದಕ್ಕೆ ಬೆಳಕಿರುವ ಕಡೆ ಅಂದರೆ ಆಕಾಶ. ಪಕ್ಕದಲ್ಲಿ ಬಲ್ಬ್ ಇದ್ದರೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ಸುಮ್ನೆ ಸುತ್ತುತ್ತಲೇ ಇರುತ್ತದೆ. ಜೊತೆಗೆ ಹಲ್ಲಿಗಳು ಕಾದಿರುತ್ತವೆ, ಬೆಳಗಾದರೆ ಕಾಜಾಣಗಳು. ಅದಕ್ಕೇ ಬೇಗ ಆರಿಸಿ, ಬಟ್ಟೆ ಮೆಲ್ಲಗೆ ಕೊಡವಿ, ಕತ್ತಲಿರುವಾಗಲೇ ಎಲ್ಲವನ್ನೂ ಬಿಟ್ಟುಬಿಡುತ್ತೇವೆ.

ಹೆಸರು ಹುಡುಕುವುದು ಮನೆಗೆ ಬಂದ ಮೇಲೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಅಳತೆಗೆ ಸ್ಕೇಲ್ ಇಟ್ಟು ಒಂದು ಫೋಟೋ ಇದ್ದರೆ ಕೆಲಸ ಸುಲಭ. ಆದರೂ ಸಣ್ಣ ಪತಂಗಗಳಲ್ಲಿ ಅರ್ಧಕ್ಕರ್ಧ ಕುಟುಂಬದ, ಅಂದರೆ ದೊಡ್ಡ ಗುಂಪಿನ, ಹೆಸರಿಗೇ ನಿಲ್ಲುತ್ತವೆ. ನನ್ನ ಪುಸ್ತಕದಲ್ಲಿ ಅವು 'ಕಂದು, ಚಿಕ್ಕದು, ಬಲಗಡೆ ಮೂಲೆ' ಅಂತಲೇ ಇವೆ.