ಲೋಗೋದಲ್ಲೇ ನಿಂತಿದ್ದ ಫೋನ್ ಎದ್ದಿದ್ದು

ಹಳೇ ಫೋನ್‌ಗೆ ಅಪ್‌ಡೇಟ್ ನಿಂತು ಎರಡು ವರ್ಷ ಆಗಿತ್ತು. ಸುಮ್ನೆ ಬಿಸಾಡೋದು ಯಾಕೆ ಅಂತ ಲಿನಿಯೇಜ್‌ಓಎಸ್ ಹಾಕಲು ಕೂತೆ. ಇದು ಆಂಡ್ರಾಯ್ಡ್ ಆಧಾರಿತ ಉಚಿತ ಸಾಫ್ಟ್‌ವೇರ್, ಕಂಪನಿಯದ್ದರ ಬದಲು ಹಾಕಿಕೊಳ್ಳಬಹುದು. ನನ್ನ ಮಾಡೆಲ್‌ಗೆ ಅದರ ಅಧಿಕೃತ ಬಿಲ್ಡ್ (ಸಿದ್ಧ ಆವೃತ್ತಿ) ಇತ್ತು, ಅಷ್ಟು ಸಾಕಿತ್ತು. ಅದಕ್ಕೆ ಮೊದಲು ಬೂಟ್‌ಲೋಡರ್, ಅಂದರೆ ಫೋನ್ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಂ, ಅನ್‌ಲಾಕ್ ಮಾಡಬೇಕು. ಹಾಗೆ ಮಾಡಿದರೆ ಎಲ್ಲ ಅಳಿಸಿಹೋಗುತ್ತೆ ಅಲ್ವಾ, ಫೋಟೋಗಳನ್ನು ಮೊದಲೇ ಲ್ಯಾಪ್‌ಟಾಪ್‌ಗೆ ಹಾಕಿಕೊಂಡಿದ್ದೆ.

ಸೈಡ್‌ಲೋಡ್, ಅಂದರೆ ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ ಫೋನ್‌ಗೆ ಹಾಕೋದು, ಲ್ಯಾಪ್‌ಟಾಪ್ ಪರದೆಯಲ್ಲಿ 47%ಗೆ ನಿಂತಾಗ ಎದೆ ಧಸಕ್ ಎಂದಿತು. ಆದರೆ ಅದು ಮಾಮೂಲಿ. ಫೋನ್‌ನಲ್ಲಿ ಕೆಲಸ ಮುಗಿದಿತ್ತು.

ನಿಜವಾದ ತೊಂದರೆ ಆಮೇಲೆ. ಅರ್ಧ ಗಂಟೆಯಾದರೂ ಲೋಗೋ ಬಿಟ್ಟು ಕದಲಲಿಲ್ಲ. ತಪ್ಪು ನನ್ನದೇ. ಅನ್‌ಲಾಕ್ ಆದಮೇಲೆ ಒಮ್ಮೆ ಹಳೇ ಸಾಫ್ಟ್‌ವೇರ್‌ನಲ್ಲೇ ಆನ್ ಮಾಡಿದ್ದೆ. ಅದು ಮತ್ತೆ ಡೇಟಾ ಎನ್‌ಕ್ರಿಪ್ಟ್ ಮಾಡಿಟ್ಟಿತ್ತು (ಗೂಢಲಿಪಿಯಲ್ಲಿ ಬೀಗ ಹಾಕಿತ್ತು), ಹೊಸದಕ್ಕೆ ಅದನ್ನು ಓದಲು ಆಗಲಿಲ್ಲ. ನಾನೋ, ಆತುರದಲ್ಲಿ ಆ ಡೇಟಾ ಪೂರ್ತಿ ಅಳಿಸುವ ‘ಫಾರ್ಮ್ಯಾಟ್ ಡೇಟಾ’ ಒತ್ತಿರಲೇ ಇಲ್ಲ.

ಪವರ್, ವಾಲ್ಯೂಮ್ ಬಟನ್ ಒತ್ತಿ ಹಿಡಿದು ರಿಕವರಿಗೆ, ಅಂದರೆ ಫೋನ್ ರಿಪೇರಿಗೆಂದೇ ಇರುವ ಮೆನುಗೆ, ಹೋದೆ. ಫಾರ್ಮ್ಯಾಟ್ ಮಾಡಿ ರೀಬೂಟ್ ಕೊಟ್ಟೆ. ಎರಡೇ ನಿಮಿಷಕ್ಕೆ ಭಾಷೆ ಯಾವುದು ಅಂತ ಕೇಳಿತು. ಕನ್ನಡ ಒತ್ತಿದೆ.