ಊರಂಚಿನ ಗುಡ್ಡ ಉಳಿಸಬೇಕಾ? ಸಸಿ ಆಮೇಲೆ, ಮೊದಲು ಸಾತ್‌ಬಾರಾ

ಪುಣೆಯ ಹೊರಗೆ ಎಲ್ಲಾದರೂ ಒಂದು ಗುಡ್ಡ ಬೋಳಾಗಿ ಕಂಡರೆ ಸಾಕು, ಜೂನ್ ಬರುತ್ತಿದ್ದ ಹಾಗೆ ಒಂದು ಗುಂಪು ಬ್ಯಾನರ್ ಹಿಡಿದು ಸಸಿ ನೆಡಲು ಹಾಜರ್. ಫೋಟೋ, ಮಿಸಳ್, ಮನೆ. ನಾವು ಹತ್ತು ಜನ ಕನ್ನಡದ ಗೆಳೆಯರೂ ಹಾಗೇ ಶುರು ಮಾಡಿದ್ದು. ಅದರಿಂದ ಗುಡ್ಡ ಉಳಿಯಲ್ಲ ಅಂತ ತಲೆಗೆ ಹೋಗಲು ಎರಡು ಬೇಸಿಗೆ ಬೇಕಾಯಿತು. ನಿಮಗಾದರೂ ಅಷ್ಟು ಕಾಲ ದಂಡ ಆಗದಿರಲಿ.

ಮೊದಲು ಹೋಗಬೇಕಾದದ್ದು ನರ್ಸರಿಗಲ್ಲ, ತಲಾಠಿ (ಊರಿನ ಜಮೀನು ದಾಖಲೆ ನೋಡಿಕೊಳ್ಳೋ ಅಧಿಕಾರಿ) ಹತ್ತಿರ. ನಮ್ಮ ಕಡೆಯ ಪಹಣಿಗೆ ಇಲ್ಲಿ ಸಾತ್‌ಬಾರಾ ಅನ್ನುತ್ತಾರೆ, ಗಟ್ ನಂಬರ್ (ನಮ್ಮ ಸರ್ವೆ ನಂಬರ್ ಇದ್ದ ಹಾಗೆ) ಗೊತ್ತಿದ್ದರೆ ಸರ್ಕಾರದ ಮಹಾಭೂಲೇಖ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ನೋಡಬಹುದು. ಗುಡ್ಡ ಯಾರ ಹೆಸರಲ್ಲಿದೆ? ಅರಣ್ಯ ಇಲಾಖೆಯದಾ, ಗಾಯರಾನಾ (ನಮ್ಮ ಗೋಮಾಳ ಇದ್ದ ಹಾಗೆ), ಇಲ್ಲಾ ಯಾರದೋ ಸ್ವಂತದ್ದಾ? ಒಂದೇ ಗುಡ್ಡದಲ್ಲಿ ಮೂರೂ ಇರಬಹುದು. ನಮ್ಮದರಲ್ಲಿ ಇತ್ತು. ಕೆಳಗಿನ ಇಳಿಜಾರಿನಲ್ಲಿ ಆಗಲೇ ಪ್ಲಾಟಿಂಗ್‌ನ ಬಿಳಿ ಕಲ್ಲು ನೆಟ್ಟಿದ್ದರು.

ಯಾರ ಜಮೀನು ಅನ್ನೋದರ ಮೇಲೆ ದಾರಿ ಬೇರೆ ಬೇರೆ. ಅರಣ್ಯ ಇಲಾಖೆಯದಾದರೆ ಊರಿನವರೂ ಇಲಾಖೆಯೂ ಸೇರಿ ಕಾಡು ನೋಡಿಕೊಳ್ಳೋ ಸಂಯುಕ್ತ ವನ ಸಮಿತಿಯ ಜೊತೆ ಸೇರಿಕೊಳ್ಳಿ, ಬೇರೆ ಸರ್ಕಸ್ ಬೇಡ. ಊರಿನದೋ ಸ್ವಂತದ್ದೋ ಆಗಿದ್ದು ಜನ ತಾವೇ ಮುಂದೆ ಬಂದರೆ 'ಸಮುದಾಯ ಮೀಸಲು' ಮಾಡಿಸಬಹುದು. 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿಸಿದ 36ಸಿ ಕಲಮು ಇದಕ್ಕೇ ಇರೋದು. ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರು ಹಾಗೆ ಆದದ್ದೇ, 2007ರಲ್ಲಿ. ಅಲ್ಲಿ ಹೆಜ್ಜಾರ್ಲೆ ಹಕ್ಕಿಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಇಂಥ ಮೀಸಲು ನೋಡಿಕೊಳ್ಳೋ ಸಮಿತಿಯಲ್ಲಿ ಪಂಚಾಯಿತಿಯ ಕಡೆಯಿಂದ ಕನಿಷ್ಠ ಐದು ಜನ, ಇಲಾಖೆಯಿಂದ ಒಬ್ಬರು. ಒಮ್ಮೆ ಘೋಷಣೆ ಆದರೆ ಸಮಿತಿಯ ಠರಾವು (ನಿರ್ಣಯ) ಮತ್ತು ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಜಮೀನಿನ ಬಳಕೆ ಬದಲಿಸೋ ಹಾಗಿಲ್ಲ, ಬಿಲ್ಡರ್‌ಗೆ ಬೇಡವಾದ ಕಲಮು ಇದೇ. ಇನ್ನೊಂದು ದಾರಿ 2002ರ ಜೀವವೈವಿಧ್ಯ ಕಾಯ್ದೆಯ ಪಾರಂಪರಿಕ ತಾಣ. ಪುಣೆಯೊಳಗಿನ ಗಣೇಶಖಿಂಡ್ ತೋಟಕ್ಕೆ 2020ರಲ್ಲಿ ಆ ಹೆಸರು ಸಿಕ್ಕಿತು. ಯಾವ ದಾರಿ ಹಿಡಿದರೂ ಗ್ರಾಮಸಭೆಯ ಠರಾವು ಮೊದಲು. ಅದನ್ನು ಮರಾಠಿಯಲ್ಲೇ ಬರೆಯಿರಿ, ಊರಿನವರ ಕೈಯಲ್ಲೇ ಮಂಡಿಸಿ. ನೀವು ಹಿಂದಿನ ಸಾಲಿನಲ್ಲಿ ಕೂತರೆ ಸಾಕು.

ಕಾಗದ ಆದರೂ ಕಾಯೋರು ಬೇಕಲ್ವಾ? ಕೀನ್ಯಾದ ನೈರೋಬಿಯ ಕಾರುರಾ ಕಾಡಿನ ಕಥೆ ನನಗೆ ಇಲ್ಲಿ ಉಪಯೋಗಕ್ಕೆ ಬಂತು. ಸುಮಾರು 1,000 ಹೆಕ್ಟೇರ್ ಕಾಡು, ನಗರ ಸುತ್ತಿಕೊಂಡಿದೆ. 90ರ ದಶಕದಲ್ಲಿ ಅದನ್ನು ಬಂಗಲೆ ಕಟ್ಟೋರಿಗೆ ಹಂಚಲು ಹೊರಟಾಗ ಅಲ್ಲಿನ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಅಡ್ಡ ನಿಂತರು, 1999ರಲ್ಲಿ ಅಲ್ಲೇ ಪೆಟ್ಟೂ ತಿಂದರು. ಆದರೆ ಹೋರಾಟ ಗೆದ್ದ ಮೇಲೂ ಎಷ್ಟೋ ವರ್ಷ ದರೋಡೆಯ ಭಯಕ್ಕೆ ಜನ ಒಳಗೆ ಹೋಗುತ್ತಿರಲಿಲ್ಲ. 2005ರ ಅರಣ್ಯ ಕಾಯ್ದೆ ಸ್ಥಳೀಯರ ಸಂಘಗಳಿಗೆ ಕಾಡು ನೋಡಿಕೊಳ್ಳುವ ಅವಕಾಶ ಕೊಟ್ಟಿತು. ಆಮೇಲೆ ವಿದ್ಯುತ್ ಬೇಲಿ, ಗೇಟು, ಟಿಕೆಟ್ ಬಂದವು. ಪಕ್ಕದ ಹುರುಮಾ ಬಡಾವಣೆಯ ಹುಡುಗರೇ ಕಾವಲಿಗೆ ಸೇರಿದರು. ನಮ್ಮ ಗುಡ್ಡಕ್ಕೆ ವಿದ್ಯುತ್ ಬೇಲಿ ಎಲ್ಲಿಂದ ತರೋದು, ಸುಮ್ನೆ ಮಾತು. ಆದರೆ ಯಾರಿಂದ ಕಾಡಿಗೆ ತೊಂದರೆ ಅಂತ ನಾವು ಅಂದುಕೊಂಡಿರುತ್ತೇವೋ ಅವರನ್ನೇ ಜೊತೆಗೆ ಕರೆದುಕೊಳ್ಳೋದಕ್ಕೆ ದುಡ್ಡೇನೂ ಬೇಡ.

ನಮ್ಮಲ್ಲಿ ಅವರು ಕುರಿಗಾರರು. ಮೇ ತಿಂಗಳ ಒಂದು ಬೆಳಗ್ಗೆ ಸುಣ್ಣದ ಪುಡಿ ಹಾಕಿ ಸಸಿ ಗುಂಡಿಗೆ ಗುರುತು ಮಾಡುತ್ತಿದ್ದೆವು. ಕುರಿ ಹೊಡೆದುಕೊಂಡು ಬಂದ ಅಜ್ಜ ನಮ್ಮ ಕನ್ನಡ ಕೇಳಿ ನಿಂತರು. ಸಾಂಗ್ಲಿ ಜಿಲ್ಲೆಯ ಜತ್ತದ ಕಡೆಯವರು, ಮನೆಮಾತು ಕನ್ನಡವೇ. "ಇಲ್ಲಿ ತಗ್ಗು ತೋಡಬ್ಯಾಡ್ರೋ ತಮ್ಮಾ, ಟಿಟವಿ ತತ್ತಿ ಇಟ್ಟೈತಿ" ಎಂದು ಕೋಲು ತೋರಿಸಿದರು. ನಮಗೆ ಬರೀ ಕಲ್ಲು ಕಂಡವು. ಬಗ್ಗಿ ನೋಡಿದರೆ ಕಲ್ಲಿನದೇ ಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿದ ಹಾಗೆ. ಗೂಡು ಅನ್ನೋಕೆ ಸುತ್ತ ನಾಲ್ಕು ಹರಳು, ಒಣಗಿದ ಕುರಿಹಿಕ್ಕೆ. ನಮ್ಮ ಸುಣ್ಣದ ಗೆರೆ ಒಂದು ಗೇಣು ಆಚೆ ಇತ್ತು. ತಲೆ ಮೇಲೆ ಟಿಟ್ಟಿಭ ಆಗಿನಿಂದ ಕಿರುಚುತ್ತಲೇ ಇತ್ತಂತೆ, ನಮ್ಮ ಕಿವಿಗೇ ಬಿದ್ದಿರಲಿಲ್ಲ.

ಅದಕ್ಕೇ ಹೇಳೋದು, ಮೊದಲ ವರ್ಷ ಏನೂ ನೆಡಬೇಡಿ. ಒಂದು ನೋಟ್‌ಬುಕ್ ಹಿಡಿದು ತಿಂಗಳಿಗೆ ಎರಡು ಸಲ ಹತ್ತಿ. ಏಪ್ರಿಲ್‌ವರೆಗೂ ನೀರು ಎಲ್ಲಿ ನಿಲ್ಲುತ್ತದೆ, ಯಾವ ಹುಲ್ಲು ಯಾವಾಗ ಬೀಜ ಕಟ್ಟುತ್ತದೆ, ಕುರಿ ಯಾವ ದಾರಿಯಲ್ಲಿ ಇಳಿಯುತ್ತವೆ, ಎಲ್ಲಾ ಬರೆಯಿರಿ. ಬೋಳು ಅಂದುಕೊಂಡದ್ದು ಎಷ್ಟೋ ಸಲ ಹುಲ್ಲುಗಾವಲಾಗಿರುತ್ತದೆ, ಅಲ್ಲಿ ಮರ ತುಂಬಿದರೆ ಹಾಳಾಗೋದೇ ಜಾಸ್ತಿ. 'ಮೇಯಿಸಬಾರದು' ಅಂತ ಬೋರ್ಡ್ ಹಾಕೋ ಬದಲು ಗುಡ್ಡವನ್ನು ಭಾಗ ಮಾಡಿ, ಮಳೆಗಾಲದಲ್ಲಿ ಒಂದು ಭಾಗ ಬಿಡಿ ಅಂತ ಮಾತಾಡಿಕೊಳ್ಳಿ. ಯಾವ ಭಾಗ ಅಂತ ಅವರೇ ಹೇಳಲಿ.

ನೆಡಲೇಬೇಕಾದ ಜಾಗ ಇದ್ದರೆ ಮುತ್ತುಗ, ಕಕ್ಕೆ, ಬೋರೆಯಂಥ ಇಲ್ಲಿಯವೇ ಸಾಕು. ಪುಣೆಯ ಟೇಕಡಿಗಳ (ಗುಡ್ಡಗಳ) ತುಂಬ ಇರುವ ಗ್ಲಿರಿಸಿಡಿಯಾ ಮಾತ್ರ ಬೇಡ, ಅದರ ಕೆಳಗೆ ಬೇರೆ ಗಿಡ ಏಳೋದು ಕಷ್ಟ.

ಇನ್ನು ಬೆಂಕಿ. ಡಿಸೆಂಬರ್ ಹೊತ್ತಿಗೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ತುಂಡು ಸಾಕು. ಅದಕ್ಕೂ ಮೊದಲೇ ರಸ್ತೆ ಪಕ್ಕ ಮತ್ತು ಕಾಲುದಾರಿ ಪಕ್ಕ ಹತ್ತು ಅಡಿ ಅಗಲ ಹುಲ್ಲು ಕೊಯ್ದು ಮಣ್ಣು ಕಾಣೋ ಹಾಗೆ ಮಾಡಿ, ಕೊಯ್ದದ್ದನ್ನು ದನ ಇರುವವರಿಗೆ ಕೊಟ್ಟುಬಿಡಿ. ಇದಕ್ಕೆ ಇಲ್ಲಿ ಜಾಳ್‌ರೇಷಾ ಅನ್ನುತ್ತಾರೆ. ಸುಟ್ಟು ಮಾಡುವ ರೇಖೆ ಇಲಾಖೆಯವರ ಕೆಲಸ, ನೀವು ಕೈ ಹಾಕಬೇಡಿ. ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ ಹೆಲೋ ಫಾರೆಸ್ಟ್‌ಗೆ ಫೋನ್ ಮಾಡಿ, 1926. ಅಜ್ಜನ ಫೋನಿನಲ್ಲೂ ಹಾಕಿಕೊಟ್ಟಿದ್ದೇನೆ. ಓದು ಬರದು, ಆದ್ದರಿಂದ ಒಂದು ಬಟನ್ ಒತ್ತಿ ಹಿಡಿದರೆ ಕರೆ ಹೋಗೋ ಹಾಗೆ.